ಇಳಿದ ತೂಕದ ಕಲ್ಲುಗಳು

“ಮುಟ್ಟಬೇಡಿ ಅಂದ್ರೆ ಮುಟ್ಟಬೇಡಿ! ಕೈ ತೆಗೀರಿ ಮೊದಲು!”

“ಸರ್ವೀಸಿಗೆ ಕಣೇ. ಒಳಗೆ ಧೂಳು ಕೂತಿದೆ. ಎಣ್ಣೆ ಬಿಟ್ಟು ಸಾಯಂಕಾಲಕ್ಕೆ ತಂದಿಡ್ತೀನಿ.”

“ಯಾರ ಕಿವಿ ಮೇಲೆ ಹೂ ಇಡ್ತೀರಿ? ಇದು ಅಂಗಡಿಗೆ ಹೋದ್ರೆ ವಾಪಸ್ ಬರಲ್ಲ. ನಿಮ್ಮ ಹುನ್ನಾರ ನನಗೆ ಗೊತ್ತಿಲ್ವಾ?”

“ಹುನ್ನಾರವಂತೆ! ಒಂದು ಸಲ ಕನ್ನಡಿ ಮುಂದೆ ನಿಂತ್ಕೊಂಡು ನೋಡು. ಕತ್ತಿನ ಕೆಳಗಿನ ಮೂಳೆಗೆ ಅಂಗಿ ನೇತುಹಾಕಬಹುದು, ಹಂಗಾಗಿದ್ದೀಯ.”

“ದಪ್ಪ ಇದ್ದಾಗ ಡ್ರಮ್ಮು ಅಂದ್ರಿ. ಈಗ ಬಟ್ಟೆ ಗೂಟ. ನಿಮ್ಮ ಕಣ್ಣಿಗೆ ನಾನು ಯಾವತ್ತು ಮನುಷ್ಯಳ ಥರ ಕಂಡಿದ್ದೆ, ಅದನ್ನಾದ್ರೂ ಹೇಳಿ!”

ಬಚ್ಚಲುಮನೆಯ ಬಾಗಿಲಲ್ಲಿ ಗಂಡ ಹೆಂಡತಿ ಬಗ್ಗಿ ನಿಂತು ತೂಕದ ಯಂತ್ರವನ್ನು ಆಚೆಯಿಂದ ಒಬ್ಬರು ಈಚೆಯಿಂದ ಒಬ್ಬರು ಹಿಡಿದುಕೊಂಡಿದ್ದರು. ಅವನು ಗಟ್ಟಿಮುಟ್ಟಾದ ಆಳು. ಜೋರಾಗಿ ಒಂದು ಸಲ ಎಳೆದರೆ ಯಂತ್ರ ಅವನ ಕೈಗೆ ಬರುತ್ತಿತ್ತು. ಎಳೆಯಲಿಲ್ಲ. ಯಂತ್ರದ ಜೊತೆ ಅವಳ ಕೈಯೂ ಕಿತ್ತು ಬಂದೀತು ಅನ್ನಿಸಿತು. ಮೊಣಕೈ ಹತ್ತಿರ ಆ ಕೈ ಅಷ್ಟು ಸಣ್ಣಗಿತ್ತು, ಬೆರಳುಗಳು ತಣ್ಣಗಿದ್ದವು, ಉಗುರಿನ ಬುಡ ನೀಲಿಯಾಗಿತ್ತು.

“ಐವತ್ತು,” ಎಂದಳು ಏದುಸಿರು ಬಿಡುತ್ತ. “ಐವತ್ತು ಮುಟ್ಟಲಿ, ಸಾಕು. ಆಮೇಲೆ ನೀವೇ ತಗೊಂಡು ಹೋಗಿ ಗುಜರಿಗೆ ಹಾಕಿ, ನಾನು ಕೇಳಲ್ಲ.”

“ಆಮೇಲೆ ಸರಿಯಾಗಿ ಉಣ್ತೀಯಾ?”

“ಉಣ್ತೀನಿ.”

“ಆಣೆ ಮಾಡು.”

“ನಿಮ್ಮ ಮೇಲೆ ಆಣೆ.”

ಅವನು ಕೈಬಿಟ್ಟ. ಅವಳು ಯಂತ್ರವನ್ನು ಕೂಸಿನಂತೆ ಎದೆಗೊತ್ತಿಕೊಂಡು ಒಳಗೆ ಹೋಗಿ ಬಾಗಿಲಿಗೆ ಚಿಲಕ ಹಾಕಿಕೊಂಡಳು. ಮರುಕ್ಷಣವೇ ಒಳಗಿಂದ ಟಕ್ ಎಂದು ಸದ್ದಾಯಿತು. ಹತ್ತಿ ನಿಂತಳು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಇಳಿದಳು. ಮತ್ತೆ ಹತ್ತಿದಳು. ಇಷ್ಟು ಹೊತ್ತಿನ ಜಗಳದಲ್ಲಿ ಎಷ್ಟು ಕರಗಿದೆ ಎಂದು ನೋಡುತ್ತಿದ್ದಾಳೆ! ಅವನು ಅಂಗಿ ಸಿಕ್ಕಿಸಿಕೊಂಡು ಅಂಗಡಿಗೆ ಹೊರಟುಬಿಟ್ಟ.

ಆ ಊರಿನಲ್ಲಿ ತೂಕದ ಯಂತ್ರ ರಿಪೇರಿ ಮಾಡುವವನು ಅವನೊಬ್ಬನೇ. ದಿನಸಿ ಅಂಗಡಿಯ ತಕ್ಕಡಿ, ಆಸ್ಪತ್ರೆಯಲ್ಲಿ ಕೂಸು ತೂಗುವ ತೊಟ್ಟಿಲು, ಗೋದಾಮುಗಳ ನೆಲದ ಕಾಟಾ, ಬಸ್ ನಿಲ್ದಾಣದಲ್ಲಿ ಬಣ್ಣದ ದೀಪ ಹೊತ್ತಿಕೊಂಡು ಚೀಟಿ ಉಗಿಯುವ ಯಂತ್ರ, ಎಲ್ಲವೂ ಅವನ ಕೈಗೇ ಬರಬೇಕು. ಊರಿನವರು ಅವನನ್ನು ತಕ್ಕಡಿಯಣ್ಣ ಎನ್ನುತ್ತಿದ್ದರು. ಸರಿ ಮಾಡಿದ ಪ್ರತಿ ಯಂತ್ರದ ಅಡಿಗೆ ತನ್ನ ಸೀಸದ ಮುದ್ರೆ ಒತ್ತುತ್ತಿದ್ದ. ಆ ಮುದ್ರೆ ಕಂಡರೆ ಗಿರಾಕಿಗಳು ಮರುಮಾತಾಡುತ್ತಿರಲಿಲ್ಲ. ಅಂಗಡಿಯವನಿಗೂ ಕೊಳ್ಳುವವನಿಗೂ ಜಗಳವಾದರೆ, “ತಕ್ಕಡಿಯಣ್ಣನ ಮುದ್ರೆ ಇದೆ ನೋಡ್ರೀ” ಎಂದರೆ ಅಲ್ಲಿಗೆ ಮುಗಿಯಿತು. ಯಾರದೋ ಮಾತಿಗೆ ಮಣಿದು ಒಂದು ಕೂದಲೆಳೆಯಷ್ಟೂ ಮುಳ್ಳು ಸರಿಸಿದವನಲ್ಲ. ಹೊರಗಿನವರಿಗೆ ಸರಿಸಿರಲಿಲ್ಲ. ಸರಿಸಿದ್ದು ಮನೆಯಲ್ಲಿ.

ಅದು ಶುರುವಾದದ್ದು ಹೀಗೆ. ಅವನ ಹೆಂಡತಿ ಎತ್ತರದ ಹೆಂಗಸು, ಆಗ ಎಂಬತ್ತು ಕಿಲೋ ಇದ್ದಳು. ಆಸ್ಪತ್ರೆ ಮತ್ತು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದ ಮೇಲ್ವಿಚಾರಕಿ. ಅವಳ ದನಿ ಕೇಳಿದರೆ ಹಬೆ ಯಂತ್ರದ ಸದ್ದೂ ಅಡಗುತ್ತದೆ ಎಂದು ಅಲ್ಲಿಯ ಹೆಂಗಸರು ನಗುತ್ತಿದ್ದರು. ಇಬ್ಬರಿಗೂ ಮಕ್ಕಳಿರಲಿಲ್ಲ. ಅದರ ಬಗ್ಗೆ ಅತ್ತು ಮುಗಿಸಿ ಎಷ್ಟೋ ವರ್ಷವಾಗಿತ್ತು. ಉಂಡುಟ್ಟು ಸುಖವಾಗಿದ್ದರು. ಅವಳ ತಮ್ಮನ ಮದುವೆಯಲ್ಲಿ ಫೋಟೋದವನು, “ಅಮ್ಮಾ, ನೀವು ಹಿಂದಿನ ಸಾಲಿಗೆ ಹೋಗಿ, ನಿಮ್ಮ ಹಿಂದೆ ಮೂರು ಜನ ಮುಚ್ಚಿಹೋಗಿದ್ದಾರೆ” ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಇವನು ಮಾತ್ರ ಎಲ್ಲರಿಗಿಂತ ಜೋರಾಗಿ ನಕ್ಕು, “ಡ್ರಮ್ಮು ಪಕ್ಕಕ್ಕಿಡ್ರೋ” ಎಂದುಬಿಟ್ಟ. ನಾಲಿಗೆಗೆ ಮೂಳೆ ಇಲ್ಲದ ಗಂಡಸು. ಮನೆಗೆ ಬಂದವಳೇ ಒಂದು ತೂಕದ ಯಂತ್ರ ತಂದುಕೊಡಿ ಎಂದಳು. ಅಂಗಡಿಯಲ್ಲಿ ಒಂದು ಹಳೆಯದು ಬಿದ್ದಿತ್ತು, ಮುಳ್ಳು ತಿರುಗುವ ಜಾತಿಯದು. ಚೊಕ್ಕ ಮಾಡಿ ತಂದುಕೊಟ್ಟ.

ಅನ್ನ ಅರ್ಧ ಮಾಡಿದಳು. ಸಕ್ಕರೆ ಬಿಟ್ಟಳು. ಬೆಳಿಗ್ಗೆ ಎದ್ದು ರಸ್ತೆಯ ಕೊನೆಯವರೆಗೂ ನಡೆದು ಬರತೊಡಗಿದಳು. ಮುಳ್ಳು ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಒಂದು ಬೆಳಿಗ್ಗೆ ಅದರ ಮೇಲೆ ನಿಂತೇ ಅಳತೊಡಗಿದಳು. ಬಿಕ್ಕಿದಾಗೆಲ್ಲ ಮುಳ್ಳು ಆಚೀಚೆ ಅಲುಗುತ್ತಿತ್ತು. ಅದನ್ನು ಅವನು ಬಾಗಿಲ ಸಂದಿಯಿಂದ ಕಂಡ. ಅವಳು ಕೆಲಸಕ್ಕೆ ಹೋದ ಮೇಲೆ ಯಂತ್ರವನ್ನು ಬೋರಲು ಹಾಕಿ, ತಳ ಬಿಚ್ಚಿ, ಒಳಗಿನ ಪಟ್ಟಿ ಸ್ಪ್ರಿಂಗಿಗೆ ಕೂಡುವಲ್ಲಿರುವ ತಿರುಪನ್ನು ಒಂದಿಷ್ಟು ತಿರುಗಿಸಿದ. ಯಾರೂ ಹತ್ತದಿದ್ದರೆ ಮುಳ್ಳು ಸೊನ್ನೆಯಲ್ಲೇ ಇರುತ್ತದೆ. ಆಳು ಹತ್ತಿದಾಗ ಮಾತ್ರ ಕೊಂಚ ಕಡಿಮೆ ತೋರಿಸುತ್ತದೆ. ಅನುಮಾನ ಬರಲು ದಾರಿಯೇ ಇಲ್ಲ. ಕೈಕೆಲಸ ಬಲ್ಲವನು ಸುಳ್ಳನ್ನೂ ಚೊಕ್ಕವಾಗಿ ಮಾಡುತ್ತಾನೆ.

ಎರಡು ದಿನಕ್ಕೊಮ್ಮೆ ಹೀಗೇ ಒಂದಿಷ್ಟು ತಿರುಗಿಸುತ್ತ ಹೋದ. ಮೂರನೇ ವಾರ ಒಂದು ಬೆಳಿಗ್ಗೆ ಬಚ್ಚಲುಮನೆಯಿಂದ ಅವಳು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಓಡಿ ಬಂದಿದ್ದರು. ಎಪ್ಪತ್ತೈದು!

ಆ ಭಾನುವಾರವೇ ಸಂಭ್ರಮ ಮಾಡಿದರು. ಅದು ಅವನದೇ ಯೋಚನೆ. ಅಂಗಡಿಯಿಂದ ಐದು ಕಿಲೋ ಕಬ್ಬಿಣದ ತೂಕದ ಕಲ್ಲೊಂದನ್ನು ತಂದು, ಉಜ್ಜಿ ಹೊಳಪು ಮಾಡಿ, ಕೆಂಪು ರಿಬ್ಬನ್ನು ಕಟ್ಟಿ ಮೇಜಿನ ಮೇಲಿಟ್ಟ. “ಇಷ್ಟು ದಿನ ನನ್ನ ಹೆಂಡತಿ ಇದನ್ನ ಹೊತ್ಕೊಂಡು ಓಡಾಡ್ತಿದ್ಲು. ಇವತ್ತು ಕೆಳಗಿಟ್ಟಿದ್ದಾಳೆ” ಎಂದು ಭಾಷಣ ಬಿಗಿದ. ಲಾಂಡ್ರಿಯ ಹೆಂಗಸರು ಒಬ್ಬೊಬ್ಬರಾಗಿ ಕಲ್ಲನ್ನು ಎತ್ತಿ ನೋಡಿ ಅಬ್ಬಬ್ಬಾ ಎಂದರು. “ಎತ್ತಿ ನೋಡ್ರೇ, ಅದು ನನ್ನ ಸೊಂಟದಲ್ಲಿತ್ತು!” ಎಂದು ಅವಳು ಕುಣಿದಳು. ಕೇಕ್ ಕತ್ತರಿಸಿ ಎಲ್ಲರ ಬಾಯಿಗೂ ತಾನೇ ಇಟ್ಟಳು. ತಾನು ಮಾತ್ರ ಬೆರಳಿಗೆ ಹತ್ತಿದ್ದನ್ನು ಸೀರೆಗೆ ಒರೆಸಿಕೊಂಡಳು. ಅದನ್ನು ಆಗ ಯಾರೂ ಗಮನಿಸಲಿಲ್ಲ.

ಎರಡನೇ ಕಲ್ಲಿಗೂ ತಿರುಪಿನದೇ ಸಹಾಯ ಬೇಕಾಯಿತು. ಅಷ್ಟರಲ್ಲಿ ಅವಳಿಗೆ ಹುರುಪು ಹತ್ತಿ ನಿಜವಾಗಿಯೂ ಇಳಿಯತೊಡಗಿದ್ದಳು. ಆದರೂ ಮುಳ್ಳು ನಿಜಕ್ಕಿಂತ ಐದು ಕಿಲೋ ಮುಂದೆ ಓಡುತ್ತಿತ್ತು. ಆಗ ಅವನಿಗೆ ಹೆದರಿಕೆ ಶುರುವಾಯಿತು. ಲಾಂಡ್ರಿಯ ಗೆಳತಿಯರು ಔಷಧಿ ಅಂಗಡಿಯ ಯಂತ್ರದಲ್ಲಿ ಎಲ್ಲರೂ ತೂಕ ನೋಡಿಕೊಳ್ಳೋಣ ಎಂದು ಮಾತಾಡಿಕೊಂಡಿದ್ದರು. ಅಲ್ಲಿ ನಿಂತರೆ ಅವಳ ಮುಖಕ್ಕೆ ಮಂಗಳಾರತಿ. ತನ್ನ ಬಣ್ಣವೂ ಬಯಲು. ಏನೇನೋ ನೆಪ ಹೇಳಿ ಅದನ್ನು ತಪ್ಪಿಸಿದ. ಆಮೇಲೆ ಅವಳು ಮನೆಯಲ್ಲಿಲ್ಲದಾಗ ತಿರುಪನ್ನು ಹಿಂದಕ್ಕೆ ತಿರುಗಿಸಲು ಶುರುಮಾಡಿದ. ಒಂದೇ ಸಲಕ್ಕಲ್ಲ. ಇವತ್ತು ಕೂದಲಷ್ಟು, ಇನ್ನು ನಾಲ್ಕು ದಿನ ಬಿಟ್ಟು ಮತ್ತೆ ಕೂದಲಷ್ಟು. ಅವಳು ಇಳಿದಷ್ಟೂ ಅವನು ಮುಳ್ಳನ್ನು ಹಿಂದಕ್ಕೆ ತಂದ. ಕೊನೆಗೊಂದು ದಿನ ಸುಳ್ಳೂ ನಿಜವೂ ಒಂದೇ ಗೆರೆಗೆ ಬಂದು ನಿಲ್ಲುತ್ತವೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ, ಇದು ಅವನ ಲೆಕ್ಕಾಚಾರ.

ಆ ಬೇಸಿಗೆಯಿಡೀ ಅವಳ ಪಾಲಿಗೆ ಮುಳ್ಳು ಕದಲಲಿಲ್ಲ.

ಅವಳು ಅನ್ನ ಪೂರ್ತಿ ಬಿಟ್ಟಳು. ಮುಳ್ಳು ಕದಲಲಿಲ್ಲ. ರಾತ್ರಿಯೂಟ ಬಿಟ್ಟಳು, ಮಧ್ಯಾಹ್ನದ ಊಟಕ್ಕೆ ಬರೀ ಸೌತೆಕಾಯಿ ಮಾಡಿಕೊಂಡಳು. ನಡೆಯುತ್ತಿದ್ದವಳು ಓಡತೊಡಗಿದಳು. “ನಾನು ಗಾಳಿ ಕುಡಿದ್ರೂ ದಪ್ಪ ಆಗೋ ಜಾತಿ ಕಣ್ರೀ” ಎಂದು ಗೋಡೆಗೆ ಹಣೆ ಒತ್ತಿಕೊಂಡು ಹೇಳುತ್ತಿದ್ದಳು. ಅವನು, “ತಾಳ್ಮೆ ಇರಲಿ ಕಣೇ, ಇಳಿಯುತ್ತೆ” ಎಂದು ಬೆನ್ನು ಸವರಿ ಅಂಗಡಿಗೆ ಹೋಗುತ್ತಿದ್ದ. ಸತ್ಯ ಆ ಬೆನ್ನ ಮೇಲೆಯೇ ಕೈಗೆ ಸಿಗುತ್ತಿತ್ತು. ರವಿಕೆ ದಿನದಿನಕ್ಕೆ ಸಡಿಲವಾಗುತ್ತಿತ್ತು. ಹೇಳಿಬಿಡಬೇಕು ಅನ್ನಿಸಿದಾಗೆಲ್ಲ ಇನ್ನು ಸ್ವಲ್ಪ ದಿನ, ಮುಳ್ಳು ಸರಿಹೋದ ಮೇಲೆ ಹೇಳುವ ಅಗತ್ಯವೇ ಇರುವುದಿಲ್ಲ ಎಂದು ಸುಮ್ಮನಾಗುತ್ತಿದ್ದ. ಹೆದರುಪುಕ್ಕಲರು ತಮ್ಮ ಹೆದರಿಕೆಗೆ ಯಾವಾಗಲೂ ಒಳ್ಳೆಯ ಹೆಸರನ್ನೇ ಇಟ್ಟುಕೊಳ್ಳುತ್ತಾರೆ.

ಬೇಸಿಗೆ ಮುಗಿಯುವ ಹೊತ್ತಿಗೆ ಯಂತ್ರ ಸರಿಯಾಯಿತು. ಅವಳು ಸರಿಯಾಗಲಿಲ್ಲ. ಹಸಿವೆ ಎಂಬುದನ್ನೇ ಆ ಮೈ ಮರೆತಿತ್ತು. ಅರವತ್ತೈದರ ಕಲ್ಲು ಬಂತು, ಅರವತ್ತರದು ಬಂತು. ಅರವತ್ತೇ ತನ್ನ ಗುರಿ ಎಂದಿದ್ದವಳು ಅವತ್ತೇ ಕೇಕಿನ ಮುಂದೆ ನಿಂತು ಐವತ್ತೈದು ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಿಟಕಿಯ ಕೆಳಗೆ ಕಲ್ಲುಗಳ ಸಾಲು ಬೆಳೆಯುತ್ತಿತ್ತು. ಮನೆಯಲ್ಲಿ ಕೇಕ್ ಉಳಿದರೆ ಪಟ್ಟು ಹಿಡಿದು ಇವನಿಗೇ ತಿನ್ನಿಸುತ್ತಿದ್ದಳು. ಎದುರು ಕೂತು, ಗದ್ದಕ್ಕೆ ಕೈ ಕೊಟ್ಟು, ಅವನು ಅಗಿಯುವುದನ್ನೇ ನೋಡುತ್ತಿದ್ದಳು. ಅವನು ನುಂಗಿದಾಗ ಅವಳ ಗಂಟಲೂ ಆಡುತ್ತಿತ್ತು. ಅವನ ಪ್ಯಾಂಟು ಸೊಂಟಕ್ಕೆ ಹತ್ತದಾಯಿತು.

ಒಂದು ಮಧ್ಯಾಹ್ನ ಲಾಂಡ್ರಿಯಲ್ಲಿ ಬಿಸಿ ಹಾಸುಬಟ್ಟೆಗಳ ರಾಶಿಯ ಮೇಲೆ ಕುಸಿದಳು. ಬಿಳಿಯ ಬಟ್ಟೆಯ ಮೇಲೆ ಬಿಳಿಚಿಕೊಂಡು ಬಿದ್ದವಳನ್ನು ಸ್ವಲ್ಪ ಹೊತ್ತು ಯಾರೂ ನೋಡಲೇ ಇಲ್ಲವಂತೆ. ಕ್ಲಿನಿಕ್ಕಿನ ಡಾಕ್ಟರು ದಡೂತಿ ಆಳು. ಅವಳನ್ನು ತೂಕಕ್ಕೆ ನಿಲ್ಲಿಸಿ, “ಏನಮ್ಮಾ, ಮನೇಲಿ ಊಟಕ್ಕಿಲ್ವಾ? ಇನ್ನು ಇಳಿದ್ರೆ ಹೃದಯಕ್ಕೆ ತೊಂದರೆ ಆಗುತ್ತೆ, ಹೇಳಿದ್ದೀನಿ” ಎಂದರು. ಹೊರಗೆ ಬಂದ ಮೇಲೆ ಅವಳು, “ತಾನು ಆನೆ ಥರ ಇದ್ದಾನೆ, ನನಗೆ ಬುದ್ಧಿ ಹೇಳ್ತಾನೆ” ಎಂದು ಮೂಗು ಮುರಿದಳು. ಆಮೇಲೆ ಗಂಡನ ತೋಳು ಹಿಡಿದುಕೊಂಡು ಖುಷಿಯಿಂದ ಹೇಳಿದಳು: “ನೋಡಿದ್ರಾ, ಅಲ್ಲೂ ಐವತ್ತೈದೇ ತೋರಿಸ್ತು. ನಮ್ಮನೇದೂ ಅದೇ. ಎಲ್ಲಾದ್ರೂ ಕೂದಲಷ್ಟು ವ್ಯತ್ಯಾಸ ಇದೆಯಾ? ನಿಮ್ಮ ಕೈ ಅಂದ್ರೆ ಚಿನ್ನ ಕಣ್ರೀ.”

ಅವನು ಆ ಕೈಯನ್ನು ಜೇಬಿಗೆ ಹಾಕಿಕೊಂಡ.

ಇದೆಲ್ಲ ಕಳೆದು ಈಗ ಐವತ್ತೆರಡಕ್ಕೆ ಬಂದು ನಿಂತಿದ್ದಳು. ಬಚ್ಚಲಿನ ಜಾಲರಿಗೆ ದಿನಾ ಒಂದು ಮುಷ್ಟಿ ಕೂದಲು ಸಿಕ್ಕಿಕೊಳ್ಳುತ್ತಿತ್ತು. ಬಿಸಿಲಲ್ಲೂ ಸ್ವೆಟರ್ ಹಾಕಿಕೊಳ್ಳುತ್ತಿದ್ದಳು. ಅವತ್ತು ಬೆಳಿಗ್ಗೆ ಅವನು ಯಂತ್ರವನ್ನು ಹೊತ್ತೊಯ್ಯಲು ನೋಡಿದ್ದು, ಜಗಳವಾದದ್ದು ಇದಕ್ಕೆ.

ಅಂಗಡಿ ಬಾಗಿಲು ತೆಗೆದು ಕೂತಿದ್ದಾನೋ ಇಲ್ಲವೋ, ಲಾಂಡ್ರಿಯಲ್ಲಿ ಅವಳ ಜೊತೆ ಹಾಸುಬಟ್ಟೆ ಮಡಚುವ ಗೆಳತಿ ಬಂದಳು. ಕೂತ್ಕೊಳ್ಳಮ್ಮಾ ಎಂದರೂ ಕೂರಲಿಲ್ಲ.

“ಅಣ್ಣಾ, ಒಂದು ಮಾತು. ಬೇಜಾರು ಮಾಡ್ಕೋಬೇಡಿ.”

“ಹೇಳಮ್ಮ.”

“ದೊಡ್ಡ ಹಾಸು ಮಡಚುವಾಗ ಎರಡು ಕಡೆ ಇಬ್ಬರು ಹಿಡಿದು ಜಗ್ಗಬೇಕು, ನಿಮಗೆ ಗೊತ್ತಲ್ಲ. ಮೊದಲೆಲ್ಲ ನಿಮ್ಮ ಹೆಂಡ್ತಿ ಜಗ್ಗಿದ್ರೆ ನಾನೇ ಮುಗ್ಗರಿಸಿ ಬೀಳ್ತಿದ್ದೆ. ಈಗ...” ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. “ಈಗ ಆ ಕಡೆ ಯಾರೂ ಹಿಡಿದೇ ಇಲ್ಲವೇನೋ ಅನ್ಸುತ್ತೆ ಅಣ್ಣ. ಬಗ್ಗಿ ನೋಡ್ತೀನಿ, ನಿಂತಿರ್ತಾಳೆ. ನಗ್ತಿರ್ತಾಳೆ. ನನಗೆ ಭಯ ಆಗುತ್ತೆ.”

“ನಾನೇನು ಮಾಡ್ಲಿ? ನನ್ನ ಮಾತು ಎಲ್ಲಿ ಕೇಳ್ತಾಳೆ!”

“ಪ್ರತಿ ಸಲ ಕಲ್ಲಿಗೆ ರಿಬ್ಬನ್ ಕಟ್ಟೋರು ನೀವೇ ಅಲ್ವಾ?” ಎಂದು ಕಟುವಾಗಿ ಹೇಳಿ ಹೋದಳು.

ಮಾತು ಚಾಟಿಯೇಟಿನಂತೆ ಬಿತ್ತು. ಸರಿ, ಆಗಲಾದರೂ ಮನೆಗೆ ಹೋಗಿ ಕಾಲು ಹಿಡಿದು ಇದ್ದದ್ದು ಇದ್ದಂತೆ ಹೇಳಬೇಕಿತ್ತಲ್ಲ? ಇಲ್ಲ. ಅವನ ತಲೆ ಓಡಿದ್ದು ಗೊತ್ತಿರುವ ದಾರಿಯಲ್ಲೇ. ಐವತ್ತು ಮುಟ್ಟಿದರೆ ಸಾಕು ಎಂದು ಆಣೆ ಮಾಡಿದ್ದಾಳೆ. ಮುಟ್ಟಿಸಿಬಿಟ್ಟರೆ? ಇನ್ನೆರಡು ಕಿಲೋ ಅವಳ ಮೈಯಿಂದ ಹೋಗುವುದು ಬೇಡ, ಮುಳ್ಳಿನಿಂದ ಹೋಗಲಿ. ಮೊದಲ ಸಲ ಸುಳ್ಳು ಹೇಳಿ ಶುರು ಮಾಡಿಸಿದ್ದೆ, ಈಗ ಸುಳ್ಳು ಹೇಳಿಯೇ ನಿಲ್ಲಿಸುತ್ತೇನೆ, ಇದೇ ಕೊನೆ. ಅವಳು ಲಾಂಡ್ರಿಗೆ ಹೋಗಿದ್ದಾಳೆಂದು ಖಾತ್ರಿ ಮಾಡಿಕೊಂಡು ಮನೆಗೆ ಹೋಗಿ, ಬಚ್ಚಲ ನೆಲದಲ್ಲಿ ಮಂಡಿಯೂರಿ ಯಂತ್ರವನ್ನು ಬೋರಲು ಹಾಕಿದ. ತಿರುಪು ಸಲೀಸಾಗಿ ತಿರುಗಿತು, ಅವನ ಕೈಗೆ ಕಾದು ಕೂತಿದ್ದಂತೆ.

ಮರುದಿನವೂ ಇನ್ನೊಂದಿಷ್ಟು ತಿರುಗಿಸಿದ. ಅದರ ಮರುದಿನ ಬೆಳಿಗ್ಗೆ ಬಚ್ಚಲುಮನೆಯಿಂದ ಸದ್ದೇ ಬರಲಿಲ್ಲ. ಅವನು ಹೋಗಿ ಬಾಗಿಲು ತಳ್ಳಿದ. ಅವಳು ಯಂತ್ರದ ಮೇಲೆ ನಿಂತಿದ್ದಳು, ಮುಖ ತಗ್ಗಿಸಿಕೊಂಡು, ಎರಡೂ ಕೈ ಬಾಯಿಗೆ ಒತ್ತಿಕೊಂಡು. ಕಿರುಚುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ.

“ಐವತ್ತು,” ಎಂದಳು ಪಿಸುದನಿಯಲ್ಲಿ. “ಬಂತು ಕಣ್ರೀ.”

ಭಾನುವಾರ ಮಧ್ಯಾಹ್ನ ಮನೆ ತುಂಬಿತು. ಲಾಂಡ್ರಿಯ ಹೆಂಗಸರು ಬಲೂನು ಕಟ್ಟಿದರು. ಅವಳ ತಮ್ಮ ಬಂದ. ಆರು ಕಲ್ಲು, ಆರು ರಿಬ್ಬನ್ನು, ಮೇಜಿನ ಮೇಲೆ ಸಾಲಾಗಿ. ಅವಳು ಹೊಸ ಉಡುಪು ಹಾಕಿಕೊಂಡಿದ್ದಳು. ಕಾಲೇಜು ಹುಡುಗಿಯರ ಅಂಗಡಿಯಲ್ಲಿ ಅಳತೆಗೆ ಸಿಕ್ಕಿತಂತೆ, ಅದನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳಿದಳು. ಕೆನ್ನೆಗೆ ಬಳಿದ ಬಣ್ಣ ಎರಡು ಕೆಂಪು ಬಿಲ್ಲೆಗಳಂತೆ ಮೂಳೆಯ ಮೇಲೆ ಕೂತಿತ್ತು. ಬಂದವರು “ಅಯ್ಯಯ್ಯೋ ಎಷ್ಟು ಸಣ್ಣ ಆಗ್ಬಿಟ್ಟಿದ್ದೀಯೇ!” ಎನ್ನುವಾಗ ದನಿಯಲ್ಲಿ ಮೊದಲಿನ ಹೊಟ್ಟೆಕಿಚ್ಚು ಇರಲಿಲ್ಲ. ಒಬ್ಬಳು ಅಪ್ಪಿಕೊಂಡು ಥಟ್ಟನೆ ಕೈ ಸಡಿಲಿಸಿದಳು. ಹಾಸು ಮಡಚುವ ಗೆಳತಿ ಬಂದಿರಲಿಲ್ಲ.

ಕೇಕ್ ಕತ್ತರಿಸಿ ಎಲ್ಲರ ಬಾಯಿಗೂ ಇಟ್ಟ ಮೇಲೆ ಅವನು ಒಂದು ತುಣುಕನ್ನು ತಟ್ಟೆಯಲ್ಲಿ ಹಿಡಿದು ಎದುರು ನಿಂತ.

“ಈಗ ನೀನು. ಆಣೆ ನೆನಪಿದೆ ತಾನೆ?”

“ತಿಂತೀನಿ ರೀ, ತಿಂದೇ ತಿಂತೀನಿ,” ಎಂದು ನಕ್ಕಳು. ಆಮೇಲೆ ಎಲ್ಲರ ಕಡೆ ತಿರುಗಿ, ಮಕ್ಕಳು ಒಗಟು ಹೇಳುವ ದನಿಯಲ್ಲಿ, “ಮುಂದಿನದು ಎಷ್ಟು ಹೇಳಿ ನೋಡೋಣ?” ಎಂದಳು.

ಉತ್ತರಕ್ಕೆ ಕಾಯದೆ ತಾನೇ ಹೇಳಿದಳು:

“ನಲವತ್ತೈದು!”

ಒಬ್ಬರಿಬ್ಬರು ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟ. ಮನೆಯೊಳಗೆ ಬಿಸಿಲಿತ್ತು, ಬಲೂನುಗಳಿದ್ದವು. ಅವನಿಗೆ ಮಾತ್ರ ಕತ್ತಲೆ ಕವಿದಂತಾಯಿತು. ನಲವತ್ತೈದಾದ ಮೇಲೆ ನಲವತ್ತು, ಅದರಾಚೆ ಮೂವತ್ತೈದು. ಮುಳ್ಳಿಗೆ ಸೊನ್ನೆಯವರೆಗೂ ದಾರಿ ಇದೆ.

ಅಷ್ಟರಲ್ಲಿ ಅವಳ ತಮ್ಮ ಎದ್ದ. ಅವನೊಬ್ಬ ಬಾಯಿಬಡುಕ, ಎಲ್ಲಿ ಹೋದರೂ ನಗಿಸಬೇಕು. “ಇರಿ ಇರಿ, ಅಕ್ಕ ಇಳಿಸಿರೋದನ್ನ ಒಂದು ಸಲ ಒಟ್ಟಿಗೆ ತೂಗಿ ನೋಡೋಣ. ಭಾವನ ಕಲ್ಲು, ಭಾವನ ಯಂತ್ರ!” ಎನ್ನುತ್ತ ಬಚ್ಚಲಿಗೆ ಹೋಗಿ ಯಂತ್ರವನ್ನು ನಡುಮನೆಗೆ ತಂದಿಟ್ಟ.

“ಬೇಡ ಕಣೋ, ಅದನ್ನ ಅಲ್ಲೇ ಇಟ್ಟು ಬಾ. ಕಲ್ಲಿಗೆ ಯಂತ್ರ ಕೆಡುತ್ತೆ,” ಎಂದ ಇವನು. ದನಿ ಕೀರಲಾಗಿತ್ತು.

“ಎಂಬತ್ತು ಕಿಲೋ ಅಕ್ಕನ್ನ ಹೊತ್ತಿದೆ, ಇದಕ್ಕೆ ಕೆಡುತ್ತಾ? ಸುಮ್ನಿರಿ ಭಾವ!”

ಒಂದೊಂದೇ ಕಲ್ಲು ಜೋಡಿಸಿದ. ರಿಬ್ಬನ್ನುಗಳು ಮುಳ್ಳಿನ ಗಾಜಿನ ಮೇಲೆ ಬೀಳದಂತೆ ಪಕ್ಕಕ್ಕೆ ಸರಿಸಿದ. ಆರನೆಯದನ್ನು ಇಟ್ಟು ಬಗ್ಗಿ ನೋಡಿ, ಹುಬ್ಬು ಗಂಟಿಕ್ಕಿ, ಮತ್ತೆ ಬಗ್ಗಿದ.

“ಭಾವಾ, ಏನಿದು? ಮೂವತ್ತು ಬರಬೇಕು. ಇಪ್ಪತ್ತೊಂಬತ್ತಕ್ಕೂ ಬರಲಿಲ್ಲವಲ್ಲ! ಕಲ್ಲಿನಲ್ಲಿ ಮೋಸವೋ, ಯಂತ್ರದಲ್ಲೋ?” ಎಂದು ಹೊಟ್ಟೆ ಹಿಡಿದು ನಕ್ಕ. “ಊರಿಗೆಲ್ಲ ತೂಕ ಹೇಳೋರು ಸಿಕ್ಕಿಬಿದ್ರು ನೋಡ್ರಪ್ಪಾ!”

ಒಂದಷ್ಟು ಜನ ನಕ್ಕರು. ಅವಳು ನಗಲಿಲ್ಲ. ಬಂದು ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದೊಂದು ಕಲ್ಲಿನ ತಳವನ್ನೂ ತಿರುಗಿಸಿ ಐದು ಕಿಲೋ ಎಂಬ ಮುದ್ರೆ ನೋಡಿದಳು. ಎರಡೂ ಕೈ ಬೇಕಾಗುತ್ತಿತ್ತು, ಆದರೂ ಯಾರಿಗೂ ಮುಟ್ಟಲು ಬಿಡಲಿಲ್ಲ. ಎಲ್ಲವನ್ನೂ ಮತ್ತೆ ಇಟ್ಟು ನೋಡಿದಳು. ಇಪ್ಪತ್ತೊಂಬತ್ತಕ್ಕೂ ಬರಲಿಲ್ಲ. ಆಮೇಲೆ ತಲೆ ಎತ್ತಿ ಗಂಡನನ್ನು ನೋಡಿದಳು.

ಜನರು ಒಂದೊಂದು ನೆಪ ಹೇಳಿ ಎದ್ದರು. ತಮ್ಮ ಏನೋ ಹೇಳಹೋಗಿ, ಅಕ್ಕನ ಮುಖ ಕಂಡು, ಹೊರಗೆ ಜಗಲಿಯ ಮೇಲೆ ಹೋಗಿ ಕೂತ.

“ಯಾವಾಗಿಂದ?” ಎಂದಳು.

“ಮೊನ್ನೆಯಿಂದ. ನೀನು ನಿಲ್ಲಿಸ್ಲಿ ಅಂತ...”

“ನನ್ನ ಕಣ್ಣು ನೋಡಿ ಹೇಳಿ. ಯಾವಾಗಿಂದ?”

ಅವನು ನೋಡಿದ. ಗುಳಿಬಿದ್ದ ಆ ಕಣ್ಣಿನ ಮುಂದೆ ಇನ್ನೊಂದು ಸುಳ್ಳು ಅವನ ಬಾಯಿಗೆ ಬರಲಿಲ್ಲ. ಎಲ್ಲ ಹೇಳಿದ. ಅಳುತ್ತ ನಿಂತಿದ್ದವಳನ್ನು ಕಂಡು ಮೊದಲ ಸಲ ತಿರುಗಿಸಿದ್ದು, ಎರಡನೇ ಕಲ್ಲು, ಔಷಧಿ ಅಂಗಡಿಯ ಹೆದರಿಕೆ, ಮತ್ತೆ ಹಿಂದಕ್ಕೆ ತಂದದ್ದು. ಹೇಳುತ್ತ ಹೇಳುತ್ತ ನೆಲದ ಮೇಲೆ ಕೂತುಬಿಟ್ಟ.

ಅವಳು ಕಲ್ಲುಗಳ ರಿಬ್ಬನ್ನುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

“ಬೇಸಿಗೇಲಿ,” ಎಂದಳು ಕೊನೆಗೆ. “ಬೇಸಿಗೇಲಿ ಮುಳ್ಳು ಅಲ್ಲೇ ನಿಂತಿತ್ತಲ್ಲ. ಆವಾಗ ನಾನು ಇಳೀತಾ ಇದ್ದೆ?”

“ಹೂಂ.”

“ನಾನು ಇಳೀತಾ ಇದ್ದೆ. ನೀವು ತಿರುಗಿಸ್ತಾ ಇದ್ರಿ.”

“ತಪ್ಪಾಯ್ತು ಕಣೇ. ನನ್ನ ಚಪ್ಪಲೀಲೇ ನನಗೆ ಹೊಡಿ. ಒಳ್ಳೇದಾಗ್ಲಿ ಅಂತ...”

“ನಾನು ಬಚ್ಚಲಲ್ಲಿ ಗಂಟಲಿಗೆ ಬೆರಳು ಹಾಕ್ಕೋತಿದ್ದೆ, ಗೊತ್ತಾ ನಿಮಗೆ? ಒಂದು ಸೌತೆಕಾಯಿ ತಿಂದಿದ್ದಕ್ಕೆ. ಆಚೆ ನಿಂತು ನೀವು ತಾಳ್ಮೆ ಇರ್ಲಿ ಅಂತಿದ್ರಿ.”

ಅವನು ತಲೆ ಎತ್ತಲಿಲ್ಲ. ಬೈಯಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ, ಆಮೇಲೆ ಅಳಲಿ, ಅಳು ಮುಗಿದ ಮೇಲೆ ಒಂದು ತುತ್ತು ತಿನ್ನಲಿ ಎಂದು ಕಾಯುತ್ತಿದ್ದ. ಅವಳು ಬೈಯಲಿಲ್ಲ.

“ಹಾಗಾದ್ರೆ ಇವತ್ತು ನಾನು ಐವತ್ತಲ್ಲ.”

“ಏನಂದೆ?”

“ಐವತ್ತಲ್ಲ. ಎಷ್ಟು ನಾನು? ನಿಜ ಹೇಳಿ. ಎಷ್ಟಿದ್ದೀನಿ?”

“ಐವತ್ತೆರಡು. ಎಷ್ಟಾದ್ರೆ ಏನೇ? ನೀನು ಬದುಕಿರಬೇಕು ಕಣೇ!”

“ಐವತ್ತೆರಡೋ ಅರವತ್ತೆರಡೋ, ನಿಮ್ಮ ಮಾತನ್ನ ಹೇಗೆ ನಂಬ್ಲಿ?”

“ಔಷಧಿ ಅಂಗಡಿಗೆ ಹೋಗೋಣ ಬಾ. ಈಗಲೇ.”

“ಅದನ್ನ ಸರಿ ಮಾಡೋದು ಯಾರು?”

ಏಳಹೋದವನು ಮತ್ತೆ ಕೂತ.

“ಕ್ಲಿನಿಕ್ಕಿಂದು? ಬಸ್ ನಿಲ್ದಾಣದ್ದು? ನಮ್ಮ ಲಾಂಡ್ರಿ ಗೋದಾಮಿಂದು?” ಅವಳ ದನಿ ಏರಲಿಲ್ಲ. ಹಿಂದೆ ಹಬೆ ಯಂತ್ರವನ್ನು ಅಡಗಿಸುತ್ತಿದ್ದ ದನಿ ಅದು, ಈಗ ಒಣಗಿದ ಎಲೆಯ ಸದ್ದಿನಷ್ಟಿತ್ತು. “ಯೋಚನೆ ಮಾಡಿ ಹೇಳಿ. ಈ ಊರಲ್ಲಿ ನಿಮ್ಮ ಕೈ ಬೀಳದೆ ಇರೋ ತಕ್ಕಡಿ ಒಂದೇ ಒಂದು ತೋರಿಸಿ. ಅದರ ಮೇಲೆ ನಿಂತ್ಕೋತೀನಿ. ಅದು ಏನು ಹೇಳುತ್ತೋ ಅದನ್ನ ನಂಬ್ತೀನಿ, ಬಂದು ನೀವು ಹಾಕಿದಷ್ಟು ಉಣ್ತೀನಿ.”

ಅವನು ಯೋಚಿಸಿದ. ಊರಿನ ಒಂದೊಂದು ಬೀದಿಯನ್ನೂ ಮನಸ್ಸಿನಲ್ಲೇ ಸುತ್ತಿದ. ಗುಜರಿಯವನದು, ಕಸಾಯಿಯವನದು, ಅಂಚೆ ಕಚೇರಿಯದು, ಶಾಲೆಯದು. ಜೀವಮಾನವಿಡೀ ಯಾವುದನ್ನು ಹೆಮ್ಮೆ ಎಂದುಕೊಂಡಿದ್ದನೋ ಅದು ನಾಲ್ಕೂ ಕಡೆಯಿಂದ ಗೋಡೆಯಂತೆ ಬಂದು ನಿಂತಿತು. ಒಂದೂ ಇರಲಿಲ್ಲ.

“ಗೊತ್ತಿತ್ತು,” ಎಂದಳು.

ಎದ್ದು ನಿಂತಳು. ಏಳುವಾಗ ಮೇಜಿನ ಅಂಚು ಹಿಡಿದುಕೊಳ್ಳಬೇಕಾಯಿತು. ಆ ಹೊಸ ಉಡುಪಿನ ಮೇಲೆ ಸ್ವೆಟರ್ ಹಾಕಿಕೊಂಡು, ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ?”

“ತೂಕ ನೋಡ್ಕೊಂಡು ಬರ್ತೀನಿ.”

“ಎಲ್ಲೇ? ಯಾವ ಊರಿಗೆ? ಒಂದು ತುತ್ತಾದ್ರೂ ಬಾಯಿಗೆ ಹಾಕ್ಕೊಂಡು ಹೋಗೇ. ನಾನೂ ಬರ್ತೀನಿ, ತಡಿ...”

“ನೀನು ಬರಬೇಡ,” ಎಂದಳು. ಮದುವೆಯಾದಂದಿನಿಂದ ಅವಳು ಅವನನ್ನು ನೀನು ಎಂದಿರಲಿಲ್ಲ. ಆ ಒಂದು ಮಾತಿಗೆ ಅವನು ಹೊಸ್ತಿಲ ಈಚೆಗೇ ನಿಂತ.

ಜಗಲಿಯ ಮೇಲಿದ್ದ ತಮ್ಮ, ಅಕ್ಕ ಗಾಳಿಗೆ ಹೊರಟಿದ್ದಾಳೆ ಎಂದುಕೊಂಡು ದಾರಿ ಬಿಟ್ಟ. ಕಿಟಕಿಯಿಂದ ನೋಡಿದರೆ ಬೀದಿಯ ಬಿಸಿಲಲ್ಲಿ ಅವಳು ನೆಟ್ಟಗೆ ನಡೆದು ಹೋಗುತ್ತಿದ್ದಳು. ಎದುರಿಗೆ ಬಂದ ಸೈಕಲ್ಲಿನವನು ಕೊನೆಯ ಗಳಿಗೆಯಲ್ಲಿ ಕಂಡವನಂತೆ ಪಕ್ಕಕ್ಕೆ ಸರಿದ. ತಿರುವಿನಲ್ಲಿ ಅವಳು ಮರೆಯಾದಳು.

ಕೋಪ ಇಳಿಯಲಿ, ಬರುತ್ತಾಳೆ ಎಂದು ಅವನು ಕೂತ. ತಟ್ಟೆಯಲ್ಲಿದ್ದ ಕೇಕಿನ ತುಣುಕಿಗೆ ಇರುವೆ ಬಂದವು. ಬಿಸಿಲು ಬಾಗಿತು. ಅವಳ ಕೈಚೀಲ ಗೂಟದಲ್ಲೇ ಇದೆ ಎಂದು ಕಂಡಾಗ ಮಾತ್ರ ಭಾಮೈದನನ್ನು ಸ್ಕೂಟರಿನಲ್ಲಿ ಒಂದು ಕಡೆಗೆ ಓಡಿಸಿ ತಾನು ಇನ್ನೊಂದು ಕಡೆಗೆ ಓಡಿದ. ಲಾಂಡ್ರಿಗೆ ಬೀಗ ಬಿದ್ದಿತ್ತು. ಹಾಸು ಮಡಚುವ ಗೆಳತಿ ಬಾಗಿಲಲ್ಲೇ ನಿಂತು, “ಇಲ್ಲಿಗೆ ಬಂದಿಲ್ಲ” ಎಂದಳು. ಅವನನ್ನು ಒಳಗೆ ಕರೆಯಲಿಲ್ಲ. ಕ್ಲಿನಿಕ್ಕಿನಲ್ಲಿ ನೋಡಿರಲಿಲ್ಲ.

ಔಷಧಿ ಅಂಗಡಿಯವನು ನೋಡಿದ್ದ.

“ಬಂದಿದ್ರು ತಕ್ಕಡಿಯಣ್ಣ. ತೂಕ ನೋಡ್ಬೇಕು ಅಂದ್ರು, ನೋಡಿ ಅಂದೆ. ಹತ್ತಲಿಲ್ಲ. ಬಗ್ಗಿ ತಳದಲ್ಲಿ ಏನೋ ಹುಡುಕಿದ್ರು. ನಿಮ್ಮ ಮುದ್ರೆ ಇದೆಯಲ್ಲ, ಅದನ್ನ ಬೆರಳಲ್ಲಿ ಸವರಿ ನೋಡಿ, ಎದ್ದುಬಿಟ್ರು. ಮುಂದಿನ ಊರಿನ ತಕ್ಕಡಿಗಳನ್ನ ಯಾರು ಸರಿ ಮಾಡ್ತಾರೆ ಅಂತ ಕೇಳಿದ್ರು.”

“ನೀನೇನಂದೆ?”

“ಅಲ್ಲಿಗೂ ನಮ್ಮ ತಕ್ಕಡಿಯಣ್ಣನೇ ಅಲ್ವಾ ಹೋಗೋದು ಅಂದೆ. ಅದರಾಚೆ ಊರಿನದು ಗೊತ್ತಿಲ್ಲ ತಾಯಿ ಅಂದೆ. ಯಾಕಣ್ಣ, ಏನಾಯ್ತು? ಅವರಿಗೆ ಹುಷಾರಿಲ್ವಾ?”

ಅವನು ಹೆದ್ದಾರಿಯ ಕಡೆಗೆ ಓಡಿದ. ಎರಡೂ ದಿಕ್ಕಿಗೆ ಲಾರಿಗಳು ಹೋಗುತ್ತಿದ್ದವು. ರಸ್ತೆಬದಿಯ ಪಂಕ್ಚರ್ ಅಂಗಡಿಯವನು ಸ್ವೆಟರ್ ಹಾಕಿದ್ದ ಒಬ್ಬ ಹುಡುಗಿ ಆ ಕಡೆ ನಡೆದು ಹೋದದ್ದನ್ನು ಕಂಡೆ ಎಂದ. ಹೆಂಗಸನ್ನು ನೋಡಿರಲಿಲ್ಲ. ಅವನು ಆ ಕಡೆಗೆ ನಡೆದ. ಮುಂದಿನ ಊರಿನಲ್ಲಿ ಕೇಳಿದ, ಅದರಾಚೆಯ ಊರಿನಲ್ಲೂ ಕೇಳಿದ. ಯಾವ ತಕ್ಕಡಿಯ ಹತ್ತಿರವೂ ಅವಳು ಬಂದಿರಲಿಲ್ಲ. ಅವಳು ಮನೆಗೂ ಬರಲಿಲ್ಲ.